ಮೈಕಮ್ಮನ ಸಂಜೆಯ ದನಿ

ಬಸ್ ನಿಲ್ದಾಣದ ಕಂಟ್ರೋಲರ್ ಮೈಕಮ್ಮನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿದ್ದು ಸಂಜೆಯ ನೂಕುನುಗ್ಗಲಿನ ಹೊತ್ತಿನಲ್ಲಿ. ಗಾಜಿನ ಗೂಡಿನ ಬಾಗಿಲು ಪೂರ್ತಿ ತೆರೆದಿತ್ತು. ಹೊರಗೆ ಡ್ರೈವರುಗಳು ಚಹಾದ ಲೋಟ ಹಿಡಿದುಕೊಂಡು ನಿಂತು ನೋಡುತ್ತಿದ್ದರು.

"ಏನ್ ಹಾಕ್ಕೊಂಡಿದ್ದೀಯಮ್ಮ?"

"ಗಂಟಲಿನ ಮಾತ್ರೆ" ಎಂದಳು ಅವಳು. ಮಾತೆಲ್ಲ ಮೂಗಿನಿಂದ ಬಂತು. ನಾಲಿಗೆ ಬಾಯಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ಗೊತ್ತು ಗೊತ್ತು. ಎಲ್ಲರೂ ಹಾಕ್ಕೊಂಡ ಮೇಲೆ ಅದನ್ನೇ ಚೀಪೋದು" ಎಂದು ಅವನು ಹಿಂದೆ ತಿರುಗಿ ಡ್ರೈವರುಗಳತ್ತ ನೋಡಿದ. ಯಾರೋ ಕಿಸಕ್ಕೆಂದ. ಇನ್ನೊಬ್ಬ, "ಅದಕ್ಕೇ ನೋಡು, ನಿನ್ನೆ ನನಗೆ ಕಣ್ಣು ಹೊಡೆದಳು" ಎಂದ.

ಅವಳು ಯಾರಿಗೂ ಕಣ್ಣು ಹೊಡೆದಿರಲಿಲ್ಲ. ಕೆಲವು ದಿನಗಳಿಂದ ಸಂಜೆಯಾದರೆ ಎಡಗಣ್ಣಿನ ರೆಪ್ಪೆ ತಾನಾಗಿ ಕೆಳಗಿಳಿಯುತ್ತಿತ್ತು. ಹೇಳೋಣವೆಂದರೆ ಬಾಯಿ ತೆರೆದಷ್ಟೂ ಮಾತು ಇನ್ನಷ್ಟು ಕೆಡುತ್ತಿತ್ತು. ಬಾಯಿ ಮುಚ್ಚಿ ಕೂತಳು. ಮೈಯೆಲ್ಲ ಉರಿದುಹೋಯಿತು.

ಮೂರನೇ ಮತ್ತು ನಾಲ್ಕನೇ ಪ್ಲಾಟ್‌ಫಾರ್ಮಿನ ನಡುವಿನ ಆ ಗಾಜಿನ ಗೂಡಿನಲ್ಲಿ ಅವಳು ಕೂತು ಎಷ್ಟೋ ವರ್ಷಗಳಾಗಿದ್ದವು. ಒಂದು ಮೇಜು, ಸ್ಪಂಜಿನ ಟೋಪಿ ಹಾಕಿದ ಮೈಕು, ಗಾಜಿನಡಿ ವೇಳಾಪಟ್ಟಿ, ಒಂದು ಕಾಲು ಗಿಡ್ಡವಾದ ಕುರ್ಚಿ. ಬಂದರಿನ ಬಸ್ಸು, ಗಿರಣಿ ಗೇಟಿನ ಬಸ್ಸು, ಹಳೇ ಸೇತುವೆ ಮಾರ್ಗವಾಗಿ ಹೋಗುವ ಬಸ್ಸು, ಎಲ್ಲವೂ ಅವಳ ಗಂಟಲಿನಿಂದಲೇ ಹೊರಡಬೇಕು. ಅದಕ್ಕೇ ಜನ ಅವಳನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಕೆಲಸ ಕಲಿಸಿದ ಹಿರಿಯಳು ಮೂರು ಪಾಠ ಹೇಳಿಕೊಟ್ಟಿದ್ದಳು. ಪ್ರತಿ ಸೂಚನೆಯನ್ನೂ ಮೂರು ಸಲ ಓದಬೇಕು: ಮೊದಲನೆಯದು ಕಿವಿ ನಿಮಿರಲಿಕ್ಕೆ, ಎರಡನೆಯದು ತಿಳಿಯಲಿಕ್ಕೆ, ಮೂರನೆಯದು ಓಡಲಿಕ್ಕೆ. ಕೊನೆಯ ಅಕ್ಷರ ನುಂಗಬಾರದು. ಮತ್ತೆ, ಮುಖ್ಯವಾದ ದಿನದ ಹಿಂದಿನ ದಿನ ಗಂಟಲಿಗೆ ಪೂರ್ತಿ ರಜೆ ಕೊಡಬೇಕು, ಮನೆಯಲ್ಲೂ ತುಟಿ ಬಿಚ್ಚಬಾರದು. ಮಂತ್ರಿಗಳು ನಿಲ್ದಾಣಕ್ಕೆ ಬಂದಾಗ, ಹೊಸ ಪ್ಲಾಟ್‌ಫಾರ್ಮು ಶುರುವಾದಾಗ ಮೈಕಮ್ಮ ಹಾಗೇ ಮಾಡಿದ್ದಳು. ಆ ಮೂರನೇ ಪಾಠವೇ ಮುಂದೆ ಅವಳ ಕುತ್ತಿಗೆಗೆ ಬಂತು.

ತೊಂದರೆ ಬಂದದ್ದು ಕಳ್ಳಹೆಜ್ಜೆಯಲ್ಲಿ. ಬೆಳಿಗ್ಗೆ ಎದ್ದಾಗ ಏನೂ ಇಲ್ಲ. ಮಧ್ಯಾಹ್ನ ಪಾಳಿಗೆ ಕೂತಾಗ ದನಿ ಕಂಚಿನ ಹಾಗೆ. ಬಿಸಿಲು ಇಳಿಯುತ್ತ ಬಂದಂತೆ ಮಾತಿನ ಅಂಚು ಸವೆಯತೊಡಗುತ್ತಿತ್ತು. ದವಡೆ ಜೋತುಬೀಳುತ್ತದೆಂದು ಎಡಗೈಯಿಂದ ಗಲ್ಲ ಹಿಡಿದುಕೊಂಡು ಓದುತ್ತಿದ್ದಳು. ಕುಡಿದ ಚಹಾ ಮೂಗಿನಿಂದ ವಾಪಸು ಬರುತ್ತಿತ್ತು. ರಾತ್ರಿ ಊಟದ ಅರ್ಧಕ್ಕೆ ಅಗಿಯುವುದು ನಿಂತುಹೋಗುತ್ತಿತ್ತು. ಒಂದು ನಿದ್ದೆ ಮುಗಿಸಿ ಎದ್ದರೆ ಎಲ್ಲ ಮಾಯ.

ಮನೆಯಲ್ಲಿ ಇದನ್ನು ಮೊದಲು ಗಮನಿಸಿದ್ದು ಅತ್ತೆ. ಅವರ ಲೆಕ್ಕವೇ ಬೇರೆ. "ಇವಳಿಗೆ ಏನೋ ಆಗಿದೆ ಕಣೋ" ಎಂದು ಮಗನಿಗೆ ಹೇಳಿದರು. "ನನ್ನನ್ನ ಬೈಯೋಕೆ ಶುರು ಮಾಡ್ತಾಳೆ, ಅರ್ಧಕ್ಕೇ ಬಿಟ್ಬಿಡ್ತಾಳೆ. ಮುಂಚೆ ಹಿಂಗಿರ್ಲಿಲ್ಲ. ಒಂದು ಸಲ ಶುರುವಾದ್ರೆ ಪಾತ್ರೆ ತೊಳೆದು ಮುಗಿಯೋವರೆಗೂ ನಡೀತಿತ್ತು."

ಗಂಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಒಳ್ಳೆಯವನು, ಆದರೆ ಜಗಳವೆಂದರೆ ಮೆಟ್ಟಿಲಿಳಿದು ಓಡುವವನು. "ಸುಸ್ತು ಇರ್ಬೇಕು. ನಾಲ್ಕು ದಿನ ರಜೆ ಹಾಕು" ಎಂದ. ವಾಸನೆ ನೋಡಿದ ಸುದ್ದಿ ಕೇಳಿದ ಮೇಲೂ ಅವನು ಅಂದದ್ದು, "ಹೋಗ್ಲಿ ಬಿಡು. ಕೆಲಸ ಬಿಟ್ಟು ಮನೇಲಿರು."

"ಬಿಟ್ರೆ ಏನಂತಾರೆ ಗೊತ್ತಾ? ಕುಡುಕಿ, ಸಿಕ್ಕಿಬಿದ್ಳು, ಓಡಿಹೋದ್ಳು ಅಂತಾರೆ" ಎಂದಳು ಅವಳು. "ನಾನು ಆ ಕುರ್ಚಿ ಬಿಡೋದಾದ್ರೆ ಕುಡುಕಿ ಅನ್ನಿಸ್ಕೊಂಡು ಬಿಡಲ್ಲ."

ಕುಡಿದು ಕೆಲಸಕ್ಕೆ ಬಂದ ಆರೋಪದ ಮೇಲೆ ನೋಟಿಸು ಬಂತು. ವಿಚಾರಣೆಗೆ ಮುಂಚೆ, ಕಾಯಿಲೆಯೇನಾದರೂ ಇದ್ದರೆ ದೊಡ್ಡಾಸ್ಪತ್ರೆಯಿಂದ ಸರ್ಟಿಫಿಕೇಟು ತರಬೇಕು ಎಂದಿತ್ತು. ಮೈಕಮ್ಮನಿಗೆ ಇದಕ್ಕಿಂತ ಮುಖ್ಯವಾದ ದಿನ ಇನ್ನೊಂದಿಲ್ಲ. ಹಿಂದಿನ ದಿನವಿಡೀ ಅವಳು ತುಟಿ ಬಿಚ್ಚಲಿಲ್ಲ. ಡಾಕ್ಟರಿಗೆ ತನ್ನ ಕಷ್ಟವನ್ನೆಲ್ಲ ಒಂದಕ್ಷರ ನುಂಗದೆ ಹೇಳಬೇಕಲ್ಲ! ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೂ ಸರದಿ ಬರುವವರೆಗೆ ಕಣ್ಣು ಮುಚ್ಚಿ ತೆಪ್ಪಗೆ ಕೂತಳು.

ಡಾಕ್ಟರು ಇನ್ನೂ ತಲೆಗೂದಲು ನೆರೆಯದವನು. ಟಾರ್ಚು ಬಿಟ್ಟ, ನಾಲಿಗೆ ಚಾಚಿಸಿದ, ಕೈ ಒತ್ತಿಸಿ ಬಲ ನೋಡಿದ. ಎಲ್ಲ ಸರಿಯಾಗಿತ್ತು. ಅವಳ ಮಾತಂತೂ ರೇಡಿಯೋದವರ ಮಾತಿನ ಹಾಗಿತ್ತು. "ನಿಮ್ಮ ದನಿ ಚೆನ್ನಾಗೇ ಇದೆಯಲ್ಲಮ್ಮ" ಎಂದು ನಕ್ಕು, ನರದ ದೋಷವಿಲ್ಲ, ಮನಸ್ಸಿನ ಒತ್ತಡವಿರಬಹುದು ಎಂದು ಬರೆದುಕೊಟ್ಟ.

ವಿಚಾರಣೆ ನಡೆದದ್ದೂ ಬೆಳಿಗ್ಗೆಯೇ, ಡಿಪೋ ಮ್ಯಾನೇಜರ ಕೋಣೆಯಲ್ಲಿ. ಅದರ ಹಿಂದಿನ ದಿನವೂ ಅವಳು ಮೌನವಾಗಿದ್ದಳು. ಕೇಳಿದ ಪ್ರಶ್ನೆಗೆಲ್ಲ ಕನ್ನಡಿಯಷ್ಟು ಸ್ವಚ್ಛವಾಗಿ ಉತ್ತರ ಹೇಳಿದಳು. ಹೇಳುತ್ತ ಹೇಳುತ್ತಲೇ ಮ್ಯಾನೇಜರ ಮುಖ ನೋಡಿದಳು. ತಾನು ಎಷ್ಟು ಚೆನ್ನಾಗಿ ಮಾತಾಡುತ್ತಿದ್ದೇನೋ ಅಷ್ಟಷ್ಟು ಆಳಕ್ಕೆ ಇಳಿಯುತ್ತಿದ್ದೇನೆ ಎಂದು ಗೊತ್ತಾಯಿತು.

"ಬೆಳಿಗ್ಗೆ ಇಷ್ಟು ಚೆನ್ನಾಗಿ ಮಾತಾಡ್ತೀರಿ" ಎಂದರು ಮ್ಯಾನೇಜರು. "ಡಾಕ್ಟರೂ ಏನಿಲ್ಲ ಅಂತಿದಾರೆ. ಸಾಯಂಕಾಲ ಮಾತ್ರ ಬರೋ ಕಾಯಿಲೆ ಯಾವುದಮ್ಮ ಅದು?"

ಬಾಗಿಲ ಬಳಿ ನಿಂತಿದ್ದ ಕಂಟ್ರೋಲರ್ ಗೋಡೆಯ ಕಡೆ ತಿರುಗಿ, "ಬಾಟ್ಲಿ ಕಾಯಿಲೆ ಸಾರ್" ಎಂದ.

ತೀರ್ಮಾನವನ್ನು ಮುಂದಕ್ಕೆ ಹಾಕಿದರು. ಅಲ್ಲಿಯವರೆಗೆ ಅವಳು ಮೈಕಿನ ಹತ್ತಿರ ಸುಳಿಯುವಂತಿಲ್ಲ. ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆಯಲ್ಲಿ, ಒಂಟಿ ಚಪ್ಪಲಿ, ಮುರಿದ ಛತ್ರಿ, ಯಾರದೋ ಹಲ್ಲಿನ ಸೆಟ್ಟುಗಳ ನಡುವೆ ಅವಳನ್ನು ಕೂರಿಸಿದರು. ಗೂಡಿನಲ್ಲಿ ಟಿಕೆಟ್ ಕೌಂಟರಿನವನು ಕೂತು ಬಂದರಿನ ಬಸ್ಸನ್ನು ಗಿರಣಿ ಗೇಟಿಗೆ ಕಳಿಸುತ್ತಿದ್ದ. ಕೇಳಿಸಿಕೊಂಡಾಗಲೆಲ್ಲ ಅವಳು ಹಲ್ಲು ಕಡಿದಳು. ಸಂಜೆಯಾದರೆ ಕಡಿಯುವುದಕ್ಕೂ ದವಡೆಯಲ್ಲಿ ಬಲವಿರುತ್ತಿರಲಿಲ್ಲ.

ಅಂಥ ಒಂದು ದಿನ ಬೆಳಿಗ್ಗೆ ಅವಳು ಆ ಸರ್ಟಿಫಿಕೇಟನ್ನು ಮಡಚಿ ಕೈಯಲ್ಲಿ ಹಿಡಿದು ದೊಡ್ಡಾಸ್ಪತ್ರೆಗೆ ಹೊರಟಳು. ಈ ಸಲ ಮೌನವ್ರತ ಗೀನವ್ರತ ಏನೂ ಇಲ್ಲ. ಡಾಕ್ಟರಿಂದ ಅವಳಿಗೆ ಏನೂ ಬೇಕಾಗಿರಲಿಲ್ಲ, ಬೈಯಬೇಕಾಗಿತ್ತು, ಅಷ್ಟೆ. "ಒಬ್ಬಳೇ ಹೋಗಿ ಅರ್ಧಕ್ಕೆ ನಿಲ್ಲಿಸಿ ಬರ್ತಾಳೆ" ಎಂದು ಅತ್ತೆಯೂ ಸೀರೆ ಸರಿಮಾಡಿಕೊಂಡು ಹಿಂದೆಯೇ ಬಂದರು. ಬಸ್ಸಿನಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಸರದಿಯ ಬೆಂಚಿನ ಮೇಲೆ ಮೈಕಮ್ಮ ಒಂದೇ ಸಮನೆ ಮಾತಾಡುತ್ತಲೇ ಇದ್ದಳು. ಪಕ್ಕದವರು ಒಬ್ಬೊಬ್ಬರಾಗಿ ಬೇರೆ ಬೆಂಚಿಗೆ ಹೋದರು.

ಒಳಗೆ ಹೋದವಳೇ ಕಾಗದವನ್ನು ಡಾಕ್ಟರ ಮೇಜಿನ ಮೇಲೆ ಎಸೆದಳು.

"ಏನಿಲ್ಲ ಅಂತ ಬರೆದ್ರಲ್ಲ, ನಿಮ್ಮ ಪೆನ್ನಿಗೆ ಏನು, ಗೀಚಿದ್ರೆ ಮುಗೀತು! ಅದನ್ನ ಓದಿ ನನ್ನನ್ನ ಕುಡುಕಿ ಮಾಡಿದಾರೆ. ಬೀದೀಲಿ ನಿಲ್ಸಿ ಬಾಯಿ ಮೂಸಿದಾರೆ ನನ್ನನ್ನ! ಕಣ್ಣು ಹೊಡೀತಾಳೆ ಅಂದಿದಾರೆ! ಮೂಗಲ್ಲಿ ಚಹಾ ಬರುತ್ತೆ ಅಂದೆ, ನಕ್ರಿ. ತಲೆ ಬಾಚೋಕೆ ಕೈ ಎತ್ತಿದ್ರೆ ಬಿದ್ದುಹೋಗುತ್ತೆ ಅಂದೆ, ಮನಸ್ಸಿನ ಒತ್ತಡ ಅಂದ್ರಿ. ಮನಸ್ಸಿಗೂ ಬಾಚಣಿಗೆಗೂ ಏನ್ರೀ ಸಂಬಂಧ?"

ಡಾಕ್ಟರು ಏನೋ ಹೇಳಲು ಹೋದ. ಅವಳು ಬಿಡಲಿಲ್ಲ. ನಿಲ್ದಾಣದ ಎಲ್ಲ ಪ್ಲಾಟ್‌ಫಾರ್ಮಿಗೂ ಕೇಳಿಸುವ ದನಿ ಅದು. ಕಾರಿಡಾರಿನಲ್ಲಿ ನರ್ಸುಗಳು ನಿಂತರು. ಅವನ ಓದು, ಅವನ ಟಾರ್ಚು, ಅವನಿಗೆ ಡಿಗ್ರಿ ಕೊಟ್ಟವರು, ಒಬ್ಬರನ್ನೂ ಅವಳು ಬಾಕಿ ಬಿಡಲಿಲ್ಲ. ಹಾಗೆ ಬೈಯುತ್ತ ಬೈಯುತ್ತ, ಅವನ ವಂಶದ ಹತ್ತಿರ ಬರುವ ಹೊತ್ತಿಗೆ, ಮಾತು ಮೂಗಿಗೆ ಏರಿತು. ಅಕ್ಷರಗಳು ಒಂದರ ಮೇಲೊಂದು ಜಾರಿಬಿದ್ದವು. ಎಡರೆಪ್ಪೆ ಇಳಿಯಿತು, ಹಿಂದೆಯೇ ಬಲರೆಪ್ಪೆಯೂ. ಅವಳ ಕೈ ತಾನಾಗಿ ಹೋಗಿ ಗಲ್ಲ ಹಿಡಿಯಿತು.

ಅವಳು ನಾಚಿಕೆಯಿಂದ ಬಾಯಿ ಮುಚ್ಚಿದಳು. ಡಾಕ್ಟರು ಮಾತ್ರ ಕುರ್ಚಿಯ ತುದಿಗೆ ಬಂದಿದ್ದ.

"ನಿಲ್ಲಿಸ್ಬೇಡಿ" ಎಂದ. "ಇನ್ನೂ ಬೈಯಿರಿ."

ಅವನು ಗೇಲಿ ಮಾಡುತ್ತಿದ್ದಾನೆ ಎನಿಸಿ ಅವಳ ಕಣ್ಣು ಕೆಂಡವಾಯಿತು. ಅತ್ತೆ ಅವಳ ಬೆನ್ನಿಗೆ ತಿವಿದರು. "ಡಾಕ್ಟ್ರೇ ಕೇಳ್ತಿದಾರೆ, ಬೈಯೇ! ಇಂಥಾ ಅದೃಷ್ಟ ಯಾರಿಗೆ ಬರುತ್ತೆ!"

ಅವಳು ಬೈದಳು. ಅರ್ಧದಷ್ಟು ಮಾತು ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಅವಳಿಗೆ ಸೂರಿನ ಮೂಲೆಯನ್ನು ನೋಡುತ್ತಲೇ ಇರುವಂತೆ ಹೇಳಿದ. ರೆಪ್ಪೆಗಳು ಅಂಗಡಿಯ ಷಟರಿನ ಹಾಗೆ ನಿಧಾನ ಇಳಿದವು. ಕ್ಯಾಂಟೀನಿನಿಂದ ಮಂಜುಗಡ್ಡೆ ತರಿಸಿ, ರಬ್ಬರ್ ಗ್ಲೌಸಿನೊಳಗೆ ತುಂಬಿ ಎಡಗಣ್ಣಿನ ಮೇಲೆ ಇರಿಸಿದ. ಸ್ವಲ್ಪ ಹೊತ್ತಿನ ಮೇಲೆ ತೆಗೆದರೆ, ತಂಪಾದ ಎಡರೆಪ್ಪೆ ಮೇಲೆದ್ದಿತ್ತು, ಬಲರೆಪ್ಪೆ ಬಿದ್ದೇ ಇತ್ತು.

ಡಾಕ್ಟರು ಗ್ಲೌಸನ್ನು ಬಟ್ಟಲಿಗೆ ಹಾಕಿ, ಆ ಸರ್ಟಿಫಿಕೇಟನ್ನು ಎತ್ತಿಕೊಂಡು ಓದಿದ. ಅವನ ಕಿವಿ ಕೆಂಪಾಗಿತ್ತು.

"ನಾನು ತಪ್ಪು ಮಾಡಿದೆ" ಎಂದ. "ಇದು ದಣಿದ್ರೆ ಮಾತ್ರ ಕಾಣೋ ಕಾಯಿಲೆ. ತಂಪಿಗೆ ಸ್ವಲ್ಪ ಹೊತ್ತು ಸುಧಾರಿಸುತ್ತೆ. ನೀವು ಅವತ್ತು ವಿಶ್ರಾಂತಿ ತಗೊಂಡು ಬಂದಿದ್ರಿ. ದಣಿಸಿ ನೋಡ್ಬೇಕಾಗಿತ್ತು. ನೋಡ್ಲಿಲ್ಲ."

ಅವನು ಆಮೇಲೆ ಹೇಳಿದ್ದನ್ನು ಅವಳು ತನ್ನ ಗೂಡಿನ ಭಾಷೆಯಲ್ಲಿ ಅರ್ಥ ಮಾಡಿಕೊಂಡಳು. ನರ ಮೈಕಿದ್ದ ಹಾಗೆ, ಸ್ನಾಯು ಲೌಡ್‌ಸ್ಪೀಕರಿದ್ದ ಹಾಗೆ. ಎರಡೂ ಗಟ್ಟಿಯಾಗಿವೆ. ಅವೆರಡೂ ಸೇರುವ ಜಾಗದಲ್ಲಿ, ಸ್ನಾಯುವಿನ ಕಡೆ, ಸೂಚನೆಯನ್ನು ಹಿಡಿದುಕೊಳ್ಳುವ ಪುಟ್ಟ ಪುಟ್ಟ ಪಿನ್ನುಗಳಿರುತ್ತವೆ. ಅವಳದೇ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುವಿನ ಮೇಲೆ ಬೀಳಬೇಕಾದ ಕಾವಲಿನವರು, ದಾರಿತಪ್ಪಿ ಆ ಪಿನ್ನುಗಳನ್ನೇ ಕೀಳುತ್ತಿದ್ದರು. ಮೊದಲ ಕೆಲವು ಸೂಚನೆಗಳು ಹೇಗೋ ದಾಟುತ್ತವೆ. ಮತ್ತೆ ಮತ್ತೆ ಕೂಗಿದರೆ ದಾಟುವುದಿಲ್ಲ. ನಿದ್ದೆ ಮಾಡಿದರೆ ಮತ್ತೆ ಒಂದಿಷ್ಟು ದಾಟುತ್ತವೆ.

"ಹಾಗೇ ಬಿಟ್ಟಿದ್ರೆ?" ಎಂದು ಅತ್ತೆ ಕೇಳಿದರು.

"ಉಸಿರಾಟದ ಸ್ನಾಯುಗಳೂ ಇದೇ ದಾರಿ ಹಿಡೀಬಹುದಿತ್ತು" ಎಂದ ಡಾಕ್ಟರು, ಮೇಜು ನೋಡುತ್ತ.

ರಕ್ತಪರೀಕ್ಷೆ ಅವನ ಮಾತನ್ನೇ ಹೇಳಿತು. ಅವತ್ತು ಸಂಜೆ ಗಂಡ ಮನೆಗೆ ಬಂದು ಟೂಲ್ ಚೀಲ ಕೆಳಗಿಡುವುದಕ್ಕೂ ಮುಂಚೆ ಅವಳು ಹಿಡಿದುಕೊಂಡಳು. "ದಿನಾ ಲಿಫ್ಟಿಗೆ ಭಾರ ಹೇರಿ ನೋಡ್ತೀರಿ. ಕಟ್ಕೊಂಡವಳನ್ನ ಮಾತ್ರ ಬೆಳಿಗ್ಗೆ ಖಾಲಿ ಇದ್ದಾಗ ನೋಡಿ, ಬರೀ ಸುಸ್ತು ಅಂದ್ರಿ!" ಅವನು ಮೆಟ್ಟಿಲಿಳಿದು ಓಡಲಿಲ್ಲ. ಚೀಲ ಹಿಡಿದೇ ನಿಂತುಕೊಂಡು ಕೇಳಿಸಿಕೊಂಡ. ಅವಳ ಮಾತು ಮೂಗಿಗೆ ಏರಿದಾಗ ಒಂದು ಕುರ್ಚಿ ಎಳೆದು ಕೊಟ್ಟು, "ಕೂತ್ಕೊಂಡು ಬೈಯಿ" ಎಂದ.

ಮಾತ್ರೆ ಶುರುವಾಯಿತು. ನುಂಗಿ ಅರ್ಧ ಗಂಟೆಗೆಲ್ಲ ರೆಪ್ಪೆ ಎದ್ದು ನಿಲ್ಲುತ್ತಿತ್ತು, ಹೊಟ್ಟೆ ಮಾತ್ರ ನುಲಿಯುತ್ತಿತ್ತು. ಎದೆಯ ಸ್ಕ್ಯಾನಿನಲ್ಲಿ ಎದೆಮೂಳೆಯ ಹಿಂದಿನ ಥೈಮಸ್ ಎನ್ನುವ ಗ್ರಂಥಿ ಅವಳ ವಯಸ್ಸಿಗೆ ಇರಬೇಕಾದದ್ದಕ್ಕಿಂತ ದಪ್ಪವಾಗಿ ಕಂಡಿತು. ಅದನ್ನು ತೆಗೆದರೆ ಒಳ್ಳೆಯದು, ಆದರೆ ಫಲ ಕಾಣಲು ತಿಂಗಳುಗಳೇ ಬೇಕು, ಒಂದೆರಡು ವರ್ಷವೂ ಆಗಬಹುದು ಎಂದರು. ತೆಗೆಸಿಕೊಂಡಳು.

ಹೊಲಿಗೆ ಒಣಗಿದ ಮೇಲೆ ಡಾಕ್ಟರು ಅವಳನ್ನೂ ಅತ್ತೆಯನ್ನೂ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದ. ಅವನಿಗೆ ಇನ್ನೂ ಸಾಲ ತೀರಿದ ಹಾಗೆ ಅನಿಸಿರಲಿಲ್ಲವೇನೋ. ಸೂಕ್ಷ್ಮದರ್ಶಕದ ಕೆಳಗೆ ಅವಳ ಥೈಮಸ್ಸಿನ ಒಂದು ತೆಳು ಪದರವಿತ್ತು. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದಳು. ನೇರಳೆ ಬಣ್ಣದ ಬಯಲು. ಅದರ ನಡುವೆ ಅಲ್ಲಲ್ಲಿ ಗುಂಡಗಿನ ಬಡಾವಣೆಗಳು: ಅಂಚಿನಲ್ಲಿ ಗಾಢ ಬಣ್ಣ, ನಡುವೆ ತಿಳಿ.

"ಗಂಟಲು ನೋವು ಬಂದಾಗ ಕುತ್ತಿಗೇಲಿ ಗಂಟು ಕೈಗೆ ಸಿಗುತ್ತಲ್ಲ, ಈ ಗುಂಡಗಿರೋದು ಅಂಥ ಗಂಟಿನೊಳಗೆ ಇರ್ಬೇಕಾದ್ದು" ಎಂದ ಡಾಕ್ಟರು. "ಪ್ರತಿಕಾಯ ಮಾಡೋ ಜೀವಕೋಶಗಳು ಪಳಗೋ ಜಾಗ. ಅದು ನಿಮ್ಮ ಥೈಮಸ್ಸಲ್ಲಿ ಬಂದು ಕೂತಿದೆ. ಅಲ್ಲಿ ಅದಕ್ಕೆ ಜಾಗ ಇಲ್ಲ. ಆ ಪಿನ್ನುಗಳನ್ನ ಕೀಳೋ ಪ್ರತಿಕಾಯಗಳಿಗೆ ತರಬೇತಿ ಇಲ್ಲೇ ನಡೀತಿತ್ತು."

"ಯಾರು ಕೂರಿಸಿದ್ದು?"

"ಪೂರ್ತಿ ಗೊತ್ತಿಲ್ಲ. ಉರಿಯೂತ ಎಲ್ಲಿ ತುಂಬಾ ದಿನ ನಿಲ್ಲುತ್ತೋ ಅಲ್ಲಿ ಇಂಥ ಬಡಾವಣೆ ಏಳುತ್ತೆ. ಕೀಲುವಾತದವರ ಕೀಲಲ್ಲಿ ಸಿಗುತ್ತೆ, ಬಾಯಿ ಒಣಗೋ ಕಾಯಿಲೆಯವರ ಜೊಲ್ಲಿನ ಗ್ರಂಥೀಲಿ ಸಿಗುತ್ತೆ. ಎಲ್ಲಾ ಕಡೆ ಕೆಟ್ಟದ್ದೇ ಅಂತಲೂ ಇಲ್ಲ. ಕೆಲವು ಕ್ಯಾನ್ಸರ್ ಗಡ್ಡೆಗಳ ಹತ್ತಿರ ಇವು ಇದ್ರೆ ರೋಗಿಗೆ ಒಳ್ಳೇದೇ ಆಗುತ್ತೆ, ಗಡ್ಡೆ ಜೊತೆ ಹೋರಾಡ್ತವೆ. ಅಲ್ಲಿ ಕೂತು ಯಾವ ಪಾಠ ಕಲಿಸ್ತವೆ ಅನ್ನೋದರ ಮೇಲೆ ನಿಂತಿದೆ."

ಮೈಕಮ್ಮ ಇನ್ನೊಂದು ಸಲ ಬಗ್ಗಿ ನೋಡಿದಳು. ತನ್ನ ಎದೆಯೊಳಗೆ ಯಾರೋ ಕಳ್ಳಗೂಡು ಕಟ್ಟಿಕೊಂಡು, ಕಳ್ಳಮೈಕು ಇಟ್ಟುಕೊಂಡು, ಹಗಲೂ ರಾತ್ರಿ ತಪ್ಪು ಸೂಚನೆ ಕೂಗುತ್ತಿದ್ದರು. ಅದನ್ನು ನಂಬಿ ತನ್ನದೇ ಕಾವಲಿನವರು ತನ್ನ ಮೇಲೇ ಏರಿಬರುತ್ತಿದ್ದರು. ಅವಳಿಗೆ ಸಿಟ್ಟು ಬಂತು. ಆದರೆ ಆ ನೇರಳೆ ಚುಕ್ಕೆಗಳ ಮೇಲೆ ಎಷ್ಟೆಂದು ಸಿಟ್ಟಾಗುವುದು? ಅವಕ್ಕೆ ಗೊತ್ತಿರಲಿಲ್ಲ. ಬಾಯಿ ಮೂಸಿದವನಿಗೆ ಗೊತ್ತಿತ್ತು, ತಾನು ಏನು ಮಾಡುತ್ತಿದ್ದೇನೆಂದು.

ಅತ್ತೆಯೂ ಇಣುಕಿದರು. "ಇಷ್ಟು ಚಿಕ್ಕದಾ? ಇದಕ್ಕಾ ಇಷ್ಟು ರಾದ್ಧಾಂತ? ನನಗೇನೋ ಇದು ಕಂಟ್ರೋಲರ್ ತಲೆ ಥರಾನೇ ಕಾಣ್ತಿದೆ, ಸುತ್ತ ಕಪ್ಪು, ನಡುವೆ ಬೋಳು."

ಡಾಕ್ಟರು ತನ್ನ ಮೊದಲ ಸರ್ಟಿಫಿಕೇಟು ತಪ್ಪೆಂದು, ಕಾಯಿಲೆಯ ಹೆಸರು ಹಾಕಿ, ಸಂಜೆಗೆ ತೊದಲುವುದು ಅದರ ಲಕ್ಷಣವೇ ಎಂದು ಡಿಪೋಗೂ ಅದರ ಮೇಲಿನ ಕಚೇರಿಗೂ ಬರೆದ. ಮೇಲಿನ ಕಚೇರಿಯವರು, ಸಿಬ್ಬಂದಿಯ ಒಪ್ಪಿಗೆ ಪಡೆದು ಪ್ರಕರಣ ಮುಗಿಸಿ ಎಂದು ಮ್ಯಾನೇಜರಿಗೆ ಹೇಳಿದರು. ಒಪ್ಪಿಗೆಯೆಂದರೆ ಅವಳ ಸಹಿ.

ಮ್ಯಾನೇಜರು ಕೋಣೆಯ ಬಾಗಿಲು ಹಾಕಿಕೊಂಡು ಚಹಾ ತರಿಸಿದರು. "ನೋಡೀಮ್ಮ, ಆರೋಪ ವಾಪಸ್ ತಗೊಂಡಿದೀವಿ. ನಾಳೆಯಿಂದ ಮೈಕು ನಿಮ್ಮದೇ. ಇಲ್ಲೊಂದು ಸಹಿ ಹಾಕಿಬಿಡಿ, ಗಲಾಟೆ ಇಲ್ಲದೆ ಮುಗಿದುಹೋಗ್ಲಿ."

"ಬಾಗಿಲು ಯಾಕೆ ಹಾಕಿದ್ರಿ ಸಾರ್?"

"ಅಂದ್ರೆ?"

"ಅವತ್ತು ತೆಗೆದಿತ್ತಲ್ಲ." ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು. "ನನ್ನ ಬಾಯಿ ಮೂಸಿದ್ದು ಸಂಜೆ ಹೊತ್ತು, ಮೂರನೇ ಪ್ಲಾಟ್‌ಫಾರ್ಮಲ್ಲಿ, ಎಲ್ಲರ ಮುಂದೆ. ವಾಪಸ್ ತಗೊಳ್ಳೋದೂ ಅಲ್ಲೇ, ಅದೇ ಹೊತ್ತಿಗೆ, ಮೈಕಲ್ಲಿ. ನೀವೇ ಓದ್ಬೇಕು."

"ಮೈಕಲ್ಲಾ? ಪ್ರಯಾಣಿಕರು ಏನಂದ್ಕೋತಾರೆ! ಇದೇನು ತಮಾಷೆನಾ?"

"ತಮಾಷೆ ಮುಗಿದುಹೋಗಿದೆ. ಅವತ್ತು ಎಲ್ಲರೂ ನಕ್ಕು ಮುಗಿಸಿದಾರೆ."

ಮ್ಯಾನೇಜರು ಒಂದಷ್ಟು ಗದರಿದರು, ಒಂದಷ್ಟು ಬೆಣ್ಣೆ ಹಚ್ಚಿದರು. ಬೆಳಿಗ್ಗೆಯ ಪಾಳಿ ಕೊಡುತ್ತೇನೆ ಎಂದರು. ಅವಳು ಚಹಾದ ಲೋಟ ಮುಟ್ಟಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ. ಮೇಲಿನ ಕಚೇರಿಯಿಂದ ಎರಡು ಸಲ ಫೋನು ಬಂದ ಮೇಲೆ ಮ್ಯಾನೇಜರು ದಾರಿಗೆ ಬಂದರು.

ಆ ಸಂಜೆ ನಿಲ್ದಾಣ ತುಂಬಿ ತುಳುಕುತ್ತಿತ್ತು. ಗಾಜಿನ ಗೂಡಿನಲ್ಲಿ ಮ್ಯಾನೇಜರು ಗಿಡ್ಡ ಕಾಲಿನ ಕುರ್ಚಿಯಲ್ಲಿ ವಾಲಿಕೊಂಡು ಕೂತಿದ್ದರು. ಮೈಕಮ್ಮ ಪಕ್ಕದಲ್ಲಿ ನಿಂತಿದ್ದಳು. ಬಾಗಿಲನ್ನು ಅವಳೇ ತೆರೆದು, ಮುಚ್ಚಿಕೊಳ್ಳದಂತೆ ಕೆಳಗೆ ಒಂದು ಮಡಚಿದ ರಟ್ಟು ಸಿಕ್ಕಿಸಿದ್ದಳು. ಹೊರಗೆ ಅದೇ ಡ್ರೈವರುಗಳು, ಕೈಯಲ್ಲಿ ಅದೇ ಲೋಟಗಳು. ಕಂಬದ ಮರೆಯಲ್ಲಿದ್ದ ಕಂಟ್ರೋಲರನ್ನು ಅತ್ತೆ ತೋಳು ಹಿಡಿದು ಈಚೆಗೆ ಎಳೆದಿದ್ದರು. "ಬಾಪ್ಪಾ, ಮುಂದೆ ಬಾ. ಮೂಗು ಚುರುಕಾಗಿದೆ, ಕಿವಿ ಹೆಂಗಿದೆ ನೋಡೋಣ."

ಮ್ಯಾನೇಜರು ಮೈಕು ಒತ್ತಿ ಓದಿದರು. ನಮ್ಮ ನಿಲ್ದಾಣದ ಪ್ರಕಟಣೆಕಾರರ ಮೇಲೆ, ಮದ್ಯಪಾನ ಮಾಡಿ ಕೆಲಸಕ್ಕೆ ಬಂದರೆಂದು ಮಾಡಿದ್ದ ಆರೋಪ ಸುಳ್ಳು. ಅವರ ಮಾತು ತೊದಲುತ್ತಿದ್ದದ್ದು ಕಾಯಿಲೆಯಿಂದ. ಇದಕ್ಕಾಗಿ ಡಿಪೋ ಕ್ಷಮೆ ಕೇಳುತ್ತದೆ. ಬರೆದದ್ದು ಇಷ್ಟೇ. ಆದರೆ ಅವರು ಓದಿದ ಬಿರುಸಿಗೆ 'ಆರೋಪ' ಕೇಳಿಸಿತು, 'ಸುಳ್ಳು' ಕೇಳಿಸಲಿಲ್ಲ. 'ಕ್ಷಮೆ' ಎನ್ನುವುದು ಗಂಟಲಿನಿಂದ ಈಚೆಗೇ ಬರಲಿಲ್ಲ. ಮುಗಿಸಿ ಎದ್ದು ನಿಂತರು.

ಮೈಕಮ್ಮ ಅವರ ದಾರಿಗೆ ಅಡ್ಡ ನಿಂತಳು. ಮಾತ್ರೆಯ ಬಲ ತೀರಿ ಕೆಳಗಿಳಿಯುತ್ತಿದ್ದ ಎಡರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದಳು. ಅವಳ ಮಾತು ಮೂಗಿನಿಂದಲೇ ಬಂತು. ಆದರೆ ಮೈಕಿನ ಗುಂಡಿ ಇನ್ನೂ ಒತ್ತಿಯೇ ಇತ್ತು. ಬಂದರಿಗೆ ಹೋಗುವವರಿಗೂ ಗಿರಣಿ ಗೇಟಿಗೆ ಹೋಗುವವರಿಗೂ ಒಂದೊಂದು ಅಕ್ಷರವೂ ಕೇಳಿಸಿತು.

"ಕೂತ್ಕೊಳ್ಳಿ ಸಾರ್. ಇನ್ನೂ ಎರಡು ಸಲ ಓದೋದಿದೆ. ಕೊನೆಯ ಅಕ್ಷರ ನುಂಗಬೇಡಿ. ಹಿಂಗೆ ತೊದಲಿದ್ರೆ ಕುಡಿದಿದ್ದೀರಿ ಅಂದ್ಕೋತಾರೆ ಜನ."

ಮ್ಯಾನೇಜರು ಕೂತರು.